ಫಾರ್ಮ್ಯಾಟ್ ಹೊಡೆಯದೆ ಹೋಮ್‌ನಿಂದ ಪ್ರೊಗೆ: ನನ್ನ ಅನುಭವ

ನಮ್ಮ ಡಿಟಿಪಿ ಸೆಂಟರ್‌ನ ಮುಖ್ಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11ರ ಹೋಮ್ ಎಡಿಶನ್ ಇತ್ತು, ಈಗ ಹೆಚ್ಚು ಸೌಲಭ್ಯಗಳಿರುವ ಪ್ರೊ ಎಡಿಶನ್ ಆಗಿದೆ. ಫಾರ್ಮ್ಯಾಟ್ ಹೊಡೆದಿಲ್ಲ. ಒಂದು ಫಾಂಟ್ ಕೂಡ ಹೋಗಿಲ್ಲ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್, ಡಿಸೈನ್ ಮಾಡುವ ಕೋರಲ್‌ನ ಸೆಟ್ಟಿಂಗ್, ಪ್ರಿಂಟರ್ ಡ್ರೈವರ್, ಹಳೆಯ ಮದುವೆ ಕಾರ್ಡುಗಳ ಫೈಲ್‌ಗಳು ಎಲ್ಲಾ ಇದ್ದಲ್ಲೇ ಇವೆ. ಇಲ್ಲಿ ಗದಗಿನಲ್ಲಿ ನನ್ನ ಪರಿಚಯದ ರಿಪೇರಿಯವರು ಯಾರೂ ಇದನ್ನು ನಂಬಿರಲಿಲ್ಲ. "ಸಿಂಗಲ್ ಲ್ಯಾಂಗ್ವೇಜ್ ಮಷಿನ್ ಐತ್ರಿ ಸರ್, ಅದು ಪ್ರೊ ಆಗಂಗಿಲ್ಲ. ಸುಮ್ನ ಫಾರ್ಮ್ಯಾಟ್ ಹೊಡೀರಿ" ಎಂದೇ ಎಲ್ಲರ ಮಾತು. (ಸಿಂಗಲ್ ಲ್ಯಾಂಗ್ವೇಜ್ ಅಂದರೆ ಒಂದೇ ಭಾಷೆಯಲ್ಲಿ ಕಾಣುವ ಹೋಮ್ ಎಡಿಶನ್.) ಆಗುತ್ತದೆ. ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೀ, ಅಂದರೆ ವಿಂಡೋಸ್ ಆಕ್ಟಿವೇಟ್ ಮಾಡಲು ಕೊಡುವ ಲೈಸೆನ್ಸ್ ಕೋಡ್‌ನ ವಿಷಯ. ಏಕೆಂದರೆ ದುಡ್ಡು ಹೋಗುವುದೇ ಅಲ್ಲಿ. ವಿಂಡೋಸ್ 10 ಬಂದ ಹೊಸದರಲ್ಲಿ ನಮ್ಮ ಹಳೆಯ ಡೆಸ್ಕ್‌ಟಾಪ್‌ಗೆ ಪ್ರೊ ರಿಟೇಲ್ ಬಾಕ್ಸ್ ತಂದಿದ್ದೆ. ಹದಿನೈದು ಸಾವಿರದ ಹತ್ತಿರ ಆಗಿತ್ತು. ಆಗ ಎಲ್ಲರೂ ದುಂದು ಖರ್ಚು ಅಂದಿದ್ದರು. ಆ ಡೆಸ್ಕ್‌ಟಾಪ್‌ಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಕೂಡ ಇಂಟೆಲ್ 8ನೇ ಜನರೇಶನ್‌ಗಿಂತ ಹಳೆಯದು. ವಿಂಡೋಸ್ 11 ಅದಕ್ಕೆ ಬರುವುದಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ಹಾಗಾಗಿ ಆ ಮಷಿನ್‌ಗೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಫೈಲ್ ಇಡಲು ಬಿಟ್ಟೆ. ಅದರ ಪ್ರೊ ಲೈಸೆನ್ಸನ್ನು ಹೊಸ ಲ್ಯಾಪ್‌ಟಾಪ್‌ಗೆ ತರುವುದು ನನ್ನ ಯೋಚನೆ. ರಿಟೇಲ್ ಲೈಸೆನ್ಸ್‌ನ ಲಾಭವೇ ಇದು. ಒಂದು ಮಷಿನ್‌ನಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ವಿಂಡೋಸ್ 10 ಪ್ರೊ ರಿಟೇಲ್ ಕೀ 11 ಪ್ರೊಗೂ ನಡೆಯುತ್ತದೆ. ಮಷಿನ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಹೀಗೆ ಎದ್ದು ಬರುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ /ಡಿಎಲ್‌ವಿ (slmgr /dlv) ಕೊಟ್ಟರೆ ಯಾವ ಚಾನೆಲ್‌ನ ಕೀ, ರಿಟೇಲೋ ಒಇಎಂಓ, ಎಂದು ಕಾಣುತ್ತದೆ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಆನ್‌ಲೈನ್‌ನಲ್ಲಿ ಐನೂರು, ಆರುನೂರಕ್ಕೆ ಸಿಗುವ ಪ್ರೊ ಕೀಗಳ ಬಗ್ಗೆ ಒಂದು ಮಾತು. ನಮ್ಮ ಗಿರಾಕಿ ಒಬ್ಬರು ಅಂಥ ಕೀ ಹಾಕಿಸಿಕೊಂಡ ಮಷಿನ್ ತಂದಿದ್ದರು. ಎರಡು ಮೂರು ತಿಂಗಳು ಚೆನ್ನಾಗಿತ್ತಂತೆ. ಆಮೇಲೆ ಸ್ಕ್ರೀನ್ ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಎಂಬ ಬರಹ ಶುರು. ಎರರ್ ಕೋಡ್ ಕೊನೆ ಸಿ003. ಅಂದರೆ ಕೀ ಬ್ಲಾಕ್ ಆಗಿದೆ. /ಡಿಎಲ್‌ವಿ ನೋಡಿದರೆ ವಾಲ್ಯೂಮ್ ಮ್ಯಾಕ್ (MAK), ಅಂದರೆ ಕಂಪನಿಗಳಿಗೆ ಸಗಟಾಗಿ ಕೊಡುವ ಕೀ. ಯಾವುದೋ ಕಂಪನಿ ತನ್ನ ನೂರಾರು ಮಷಿನ್‌ಗೆ ಎಂದು ಪಡೆದ ಕೀಯನ್ನು ಚಿಲ್ಲರೆ ಮಾಡಿ ಮಾರಿದ್ದಾರೆ. ಮಾರಿದವರು ಫೋನ್ ಎತ್ತಲಿಲ್ಲ. ಆ ದುಡ್ಡು ಹೋಯಿತು. ನನ್ನ ಹತ್ತಿರ ಸೈಬರ್ ಕೆಫೆ ಕಾಲದ ವಿಂಡೋಸ್ 7 ಪ್ರೊ ಸ್ಟಿಕರ್‌ಗಳೂ ಇದ್ದವು. ಮೊದಲು ಆ ಕೀಗಳಿಂದ 10 ಮತ್ತು 11 ಆಕ್ಟಿವೇಟ್ ಆಗುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿತು. ಹಾಗಾಗಿ ಅವುಗಳ ಹಿಂದೆ ಹೋಗಿ ಹೊತ್ತು ಕಳೆಯಬೇಡಿ.

ಈಗ ಕೆಲಸಕ್ಕೆ ಬರೋಣ. ಬ್ಯಾಕಪ್ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ. ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಇದ್ದರೂ ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಶನ್ ತಾನೇ ಆನ್ ಆಗಿರುತ್ತದೆ. ಅದರ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಕೂತಿರುತ್ತದೆ. ಎಷ್ಟೋ ಗಿರಾಕಿಗಳಿಗೆ ಆ ಅಕೌಂಟ್‌ನ ಪಾಸ್‌ವರ್ಡೇ ಗೊತ್ತಿರುವುದಿಲ್ಲ. ಬಯಾಸ್ (ಮದರ್‌ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳಿದಾಗ ನಮ್ಮ ಹತ್ತಿರ ಓಡಿ ಬರುತ್ತಾರೆ. ಪಾಪ, ಆಗ ನಾವೂ ಏನೂ ಮಾಡಲಾಗುವುದಿಲ್ಲ. ನಾನು ಆ ರಿಕವರಿ ಕೀ ತೆಗೆದು ಪ್ರಿಂಟ್ ಹಾಕಿ ಫೈಲ್‌ಗೆ ಸೇರಿಸಿದೆ. ಆಮೇಲೆಯೇ ಮಷಿನ್ ಮುಟ್ಟಿದ್ದು.

ಹಳೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಹಾಕುವ ಮುಂಚೆಯೇ ಎಸ್‌ಎಲ್‌ಎಂಜಿಆರ್ /ಯುಪಿಕೆ (/upk) ಕೊಟ್ಟು ಪ್ರೊ ಕೀ ತೆಗೆದಿದ್ದೆ, /ಸಿಪಿಕೆವೈ (/cpky) ಕೊಟ್ಟು ವಿಂಡೋಸ್‌ನ ರಿಜಿಸ್ಟ್ರಿಯಿಂದಲೂ ಅಳಿಸಿದ್ದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆಕ್ಟಿವೇಶನ್ ಪೇಜ್, ಚೇಂಜ್ ಪ್ರಾಡಕ್ಟ್ ಕೀ, ನನ್ನ ಕೀ. ಆಗಲಿಲ್ಲ. ಅಪ್‌ಗ್ರೇಡ್ ಮಾಡಲಾಗಲಿಲ್ಲ ಎಂದು ವಾಪಸ್ ಬಂತು. ರಿಸ್ಟಾರ್ಟ್ ಮಾಡಿ ಮತ್ತೆ ಹಾಕಿದೆ, ಅದೇ. ಸ್ಟೋರ್ ಕ್ಯಾಶ್ ತೆಗೆದು ಹಾಕಿದೆ, ಅದೇ. ಪೆಂಡಿಂಗ್ ಅಪ್‌ಡೇಟ್ ಎಲ್ಲಾ ಮುಗಿಸಿ ಹಾಕಿದೆ, ಮತ್ತೆ ಅದೇ. ಅಷ್ಟರಲ್ಲಿ ಒಬ್ಬ ಗೆಳೆಯ ಪೆನ್‌ಡ್ರೈವ್ ಹಿಡಿದು ಫಾರ್ಮ್ಯಾಟ್ ಹೊಡೆಯಲು ಬಂದು ಕೂತಿದ್ದ.

ದಾರಿ ಸಿಕ್ಕಿದ್ದು ಎಡಿಶನ್ ಬದಲಾವಣೆ ಮತ್ತು ಆಕ್ಟಿವೇಶನ್ ಎರಡನ್ನೂ ಬೇರೆ ಬೇರೆ ಮಾಡಿದಾಗ. ಅವು ಎರಡು ಕೆಲಸ. ನಾವು ಒಂದೇ ಏಟಿಗೆ ಮಾಡಲು ಹೋಗುತ್ತೇವೆ. ವೈಫೈ ಆಫ್ ಮಾಡಿದೆ, ಲ್ಯಾನ್ ಕೇಬಲ್ ಕಿತ್ತೆ. ಮೈಕ್ರೋಸಾಫ್ಟ್‌ನದೇ ಒಂದು ಜೆನೆರಿಕ್ ಪ್ರೊ ಕೀ ಇದೆ, ವಿಕೆ7ಜೆಜಿ ಎಂದು ಶುರುವಾಗುವುದು. ಫೀಲ್ಡಿನಲ್ಲಿ ಇರುವವರಿಗೆ ಗೊತ್ತೇ ಇರುತ್ತದೆ. ಅದು ಆಕ್ಟಿವೇಟ್ ಮಾಡುವುದಿಲ್ಲ, ಎಡಿಶನ್ ಮಾತ್ರ ಬದಲಿಸುತ್ತದೆ. ಅದನ್ನು ನೆಟ್ ಇಲ್ಲದೆ ಹಾಕಿದೆ. ಪರ್ಸೆಂಟ್ ಮೇಲೆ ಹೋಯಿತು, ನೂರು ಮುಟ್ಟಿತು, ಎರರ್ ಕೂಡ ತೋರಿಸಿತು. ಗೆಳೆಯ ನಕ್ಕ. ರಿಸ್ಟಾರ್ಟ್ ಮಾಡಿದರೆ ಅಬೌಟ್ ಪೇಜ್‌ನಲ್ಲಿ ವಿಂಡೋಸ್ 11 ಪ್ರೊ! ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ.

ಆಮೇಲೆ ನೆಟ್ ಹಾಕಿ ನನ್ನ ರಿಟೇಲ್ ಕೀ ಕೊಟ್ಟೆ. ಈಗ ಬೇರೆ ತಕರಾರು. ಕೋಡ್ ಕೊನೆ ಸಿ008, ಈ ಕೀ ಬೇರೆ ಕಡೆ ಬಳಕೆಯಲ್ಲಿದೆ ಎಂದು. ಇದಕ್ಕೆ ಹೆದರಬೇಕಿಲ್ಲ. ಎಸ್‌ಎಲ್‌ಯುಐ 4 (slui 4) ಕಮಾಂಡ್ ಕೊಟ್ಟು, ಇಂಡಿಯಾ ಆರಿಸಿ, ಫೋನ್ ಆಕ್ಟಿವೇಶನ್‌ಗೆ ಹೋದೆ. ಸ್ಕ್ರೀನ್ ಮೇಲೆ ಕಂಡ ಏಳೇಳು ಅಂಕಿಯ ಒಂಬತ್ತು ಗುಂಪು ಕೊಟ್ಟೆ, ಆರಾರು ಅಂಕಿಯ ಎಂಟು ಗುಂಪು ಬಂತು. ಕಾಗದದ ಮೇಲೆ ಬರೆದುಕೊಂಡು ನಿಧಾನಕ್ಕೆ ಟೈಪ್ ಮಾಡಿದೆ. ಆಕ್ಟಿವ್! ಕೂಡಲೇ ಆ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಿಂಕ್ ಮಾಡಿದೆ, ನಾಳೆ ಮದರ್‌ಬೋರ್ಡ್ ಬದಲಾದರೂ ವಾಪಸ್ ಪಡೆಯಬಹುದು. ಇನ್ನೊಂದು ನೆನಪಿಡಿ. ಈ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಕೀ ಕೂತಿರುತ್ತದೆ. ಮುಂದೆ ಯಾವಾಗಲಾದರೂ ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕಿದರೆ ಸೆಟಪ್ ಕೇಳದೆ ಅದನ್ನೇ ಎತ್ತಿಕೊಳ್ಳುತ್ತದೆ. ಆ ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರ್‌ನಲ್ಲಿ ಒಂದು ಇಐ.ಸಿಎಫ್‌ಜಿ (ei.cfg) ಫೈಲ್ ಇಟ್ಟರೆ ಎಡಿಶನ್ ಆರಿಸಬಹುದು.

ಪ್ರೊ ಬಂದ ಮೇಲೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಕನ್ನಡ. ಸಿಂಗಲ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಟೈಪ್ ಮಾಡಬಹುದು, ಆದರೆ ವಿಂಡೋಸ್ ಕನ್ನಡದಲ್ಲಿ ಕಾಣುವುದಿಲ್ಲ. ಲೈಸೆನ್ಸ್‌ಗೆ ಒಂದೇ ಡಿಸ್‌ಪ್ಲೇ ಭಾಷೆ ಎಂದು ಅಡ್ಡ ಹಾಕುತ್ತದೆ. ಕರ್ನಾಟಕದಲ್ಲಿ ಮಾರುವ ಮಷಿನ್‌ನಲ್ಲಿ ಹೀಗೆ ಇರಬಾರದು ಎಂದೇ ನನ್ನ ಅಭಿಪ್ರಾಯ. ಪ್ರೊ ಆದ ಮೇಲೆ ಕನ್ನಡ ಪ್ಯಾಕ್ ಇಳಿಸಿ ಸೈನ್ ಔಟ್ ಆಗಿ ಬಂದರೆ ಸ್ಟಾರ್ಟ್ ಮೆನು, ಸೆಟ್ಟಿಂಗ್ಸ್ ಎಲ್ಲಾ ಕನ್ನಡ. ಒಳಗಿನ ಕೆಲವು ಹಳೆಯ ಡೈಲಾಗ್‌ಗಳು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ. ನಮ್ಮಲ್ಲಿ ಟೈಪಿಂಗ್‌ಗೆ ಬರುವ ಅಕ್ಕ ಈಗ ಪ್ರಿಂಟರ್ ತೊಂದರೆಯನ್ನು ನನ್ನನ್ನು ಕರೆಯದೆ ತಾವೇ ಸರಿ ಮಾಡಿಕೊಳ್ಳುತ್ತಾರೆ.

ವಿಂಡೋಸ್ ಹೇಗೆ ನಡೆದುಕೊಳ್ಳಬೇಕು ಎಂದು ನಿಯಮ ಇಡುವ ಗ್ರೂಪ್ ಪಾಲಿಸಿಯೂ ಸಿಕ್ಕಿತು. ಅಪ್‌ಡೇಟ್ ಇಳಿಸುವ ಮುಂಚೆ ಕೇಳು ಎಂದು ಇಟ್ಟಿದ್ದೇನೆ. ಮದುವೆ ಸೀಸನ್‌ನಲ್ಲಿ, ಪಂಚಾಯ್ತಿ ಚುನಾವಣೆಯ ಕರಪತ್ರದ ಹೊತ್ತಿನಲ್ಲಿ ಮಷಿನ್ ತಾನೇ ರಿಸ್ಟಾರ್ಟ್ ಆದರೆ ಎಷ್ಟು ನಷ್ಟ ಎಂದು ಈ ಕೆಲಸ ಮಾಡುವವರಿಗೆ ಗೊತ್ತು, ಅಲ್ವಾ? ಇದರ ಜೊತೆ ಇನ್ನೂ ಎರಡು ಪಾಲಿಸಿ ಸೇರಿಸಿದ್ದೇನೆ. ಫಾಂಟ್ ಕ್ಯಾಶ್ ಕೆಡದ ಹಾಗೆ ನೋಡಿಕೊಳ್ಳುವ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಇದೆ. ಅವು ನನ್ನ ಹೊಟ್ಟೆಪಾಡಿನವು, ನನ್ನ ಹತ್ತಿರವೇ ಇರಲಿ.

ದೂರದಿಂದಲೇ ಈ ಮಷಿನ್ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಅಂದುಕೊಂಡಷ್ಟು ಸಲೀಸಾಗಲಿಲ್ಲ. ನಮ್ಮ ಬ್ರಾಡ್‌ಬ್ಯಾಂಡ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ, ಸಿಜಿ-ನ್ಯಾಟ್ ಹಿಂದೆ ಇದೆ, ಅಂದರೆ ಹಲವು ಗಿರಾಕಿಗಳಿಗೆ ಸೇರಿ ಒಂದೇ ಐಪಿ. ಹೊರಗಿನ ಸಂಪರ್ಕವನ್ನು ಮಷಿನ್‌ಗೆ ತಿರುಗಿಸುವ ಪೋರ್ಟ್ ಫಾರ್ವರ್ಡ್ ನಡೆಯುವುದಿಲ್ಲ. ನಡೆದರೂ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ಹೊರಗೆ ತೆರೆದಿಡುವುದು ಅಪಾಯ. ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಹಾಕಿದ ಮೇಲೆ ಮನೆಯಿಂದ ಪ್ರೂಫ್ ತಿದ್ದುತ್ತಿದ್ದೇನೆ. ಮನೆಯ ಕಂಪ್ಯೂಟರ್ ಕೀಬೋರ್ಡ್‌ನಿಂದ ನುಡಿ ಸರಿಯಾಗಿ ಮೂಡುತ್ತದೆ. ಫೋನ್‌ನ ಕೀಬೋರ್ಡ್‌ನಿಂದ ಮೂಡಲಿಲ್ಲ.

ವಿಂಡೋಸ್ ಒಳಗೇ ಇನ್ನೊಂದು ವಿಂಡೋಸ್ ಓಡಿಸುವ ಹೈಪರ್-ವಿ ನನ್ನಲ್ಲಿ ಇನ್ನೂ ಪ್ರಯೋಗದಲ್ಲಿದೆ. ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲ್ ತೆಗೆದುಕೊಂಡು ಬರುವವರು ಈಗಲೂ ಇದ್ದಾರೆ. ದೇವಸ್ಥಾನದ ಸ್ಮರಣ ಸಂಚಿಕೆ, ಊರಿನ ಜಾತ್ರೆ ಪುಸ್ತಕ, ಇಂಥವು. ಹೈಪರ್-ವಿಯಲ್ಲಿ ಜನರೇಶನ್ 1 (ಹಳೆಯ ಮಾದರಿಯ) ವರ್ಚುವಲ್ ಮಷಿನ್ ಮಾಡಿ ನನ್ನ ಹತ್ತಿರ ಇದ್ದ ಸಿಡಿಯಿಂದ ವಿಂಡೋಸ್ ಎಕ್ಸ್‌ಪಿ ಹಾಕಿದೆ, ಒಂದು ಜಿಬಿ ರ‍್ಯಾಮ್ ಕೊಟ್ಟೆ. ಮೌಸ್ ಒಳಗೆ ಸಿಕ್ಕಿಕೊಳ್ಳುತ್ತದೆ, ಹೊರಗೆ ತರಲು ಕಂಟ್ರೋಲ್, ಆಲ್ಟ್, ಎಡ ಬಾಣ ಒತ್ತಬೇಕು. ಈಗಿನ ವಿಂಡೋಸ್ ಜೊತೆ ಎಕ್ಸ್‌ಪಿಗೆ ಬೇಕಾದ ಇಂಟಿಗ್ರೇಶನ್ ಡಿಸ್ಕ್ (ಮೌಸ್ ಮುಂತಾದವನ್ನು ಹೊಂದಿಸುವ ಡ್ರೈವರ್‌ಗಳು) ಬರುವುದಿಲ್ಲ. ಹಳೆಯ ವಿಂಡೋಸ್‌ನದು ಹುಡುಕಬೇಕು. ಪೇಜ್‌ಮೇಕರ್ ಓಡುತ್ತಿದೆ, ನುಡಿ ಫಾಂಟ್‌ನ ಫೈಲ್‌ಗಳು ತೆರೆಯುತ್ತಿವೆ, ಪ್ರಿಂಟ್‌ಗೆ ಸಿದ್ಧವಾದ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಮಾಡಿ ಹೊರಗೆ ತರುತ್ತೇನೆ. ಡಾಂಗಲ್ (ಲೈಸೆನ್ಸ್‌ಗಾಗಿ ಚುಚ್ಚುವ ಸಣ್ಣ ಸಾಧನ) ಬೇಕಾದ ಫಾಂಟ್ ಸಾಫ್ಟ್‌ವೇರ್ ಮಾತ್ರ ಓಡುವುದಿಲ್ಲ. ಹೈಪರ್-ವಿ ಯುಎಸ್‌ಬಿ ಡಾಂಗಲನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಅಂಥ ಫೈಲ್ ಬಂದರೆ ಮೂಲೆಯಲ್ಲಿರುವ ಹಳೇ ಪೆಂಟಿಯಂ ಮಷಿನ್ನನ್ನೇ ಆನ್ ಮಾಡುತ್ತೇನೆ.

ಅಂಗಡಿಯ ಎರಡನೇ ಲ್ಯಾಪ್‌ಟಾಪ್ ಇನ್ನೂ ಹೋಮ್‌ನಲ್ಲೇ ಇದೆ. ಅದರಲ್ಲಿ ಬಿಲ್ ಮತ್ತು ಸ್ಕ್ಯಾನಿಂಗ್ ಬಿಟ್ಟು ಬೇರೆ ಕೆಲಸ ಇಲ್ಲ. ಅದಕ್ಕೆ ಪ್ರೊ ಹಾಕುವುದಿಲ್ಲ. ಆ ದುಡ್ಡಿನಲ್ಲಿ ರ‍್ಯಾಮ್ ಜಾಸ್ತಿ ಮಾಡಿಸುತ್ತೇನೆ.