ಫೆರಿಟಿನ್ 5000ದಿಂದ 1100ಕ್ಕೆ: ಹಳ್ಳಿ ಮನೆಯಲ್ಲಿ ಡೆಸ್ಫೆರಾಲ್ ಪಂಪ್, ನನ್ನ ಅನುಭವ

"ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಇದೆಲ್ಲ ಆಗಲ್ಲ ಕಣ್ರೀ, ಸುಮ್ನೆ ದುಡ್ಡು ದಂಡ." ರಕ್ತ ಹಾಕಿಸುವ ದಿನ ಪಕ್ಕದ ಹಾಸಿಗೆಯ ಮಕ್ಕಳ ಅಪ್ಪ ಅಮ್ಮಂದಿರೇ ಹೀಗೆ ಹೇಳಿದ್ದರು. ಅವರಿಗಾಗಿಯೇ ಬರೆಯುತ್ತಿದ್ದೇನೆ. ಮಗಳಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ರಕ್ತ ಆಗದ ಹುಟ್ಟು ಕಾಯಿಲೆ. ಆಗಾಗ ರಕ್ತ ಹಾಕಿಸಲೇಬೇಕು, ಅದರಿಂದ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ. ಆ ಕಬ್ಬಿಣ ಎಷ್ಟಿದೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆಯ ಅಂಕಿ ಫೆರಿಟಿನ್, ಹನ್ನೊಂದನೇ ವಯಸ್ಸಿಗೆ 5000 ದಾಟಿತ್ತು. ಕಬ್ಬಿಣ ಹೊರಹಾಕುವ ಡೆಸ್ಫೆರಾಲ್ ಔಷಧಿಯನ್ನು ಚರ್ಮದ ಕೆಳಗೆ ನಿಧಾನವಾಗಿ ಬಿಡುವ ಪಂಪ್ ಎರಡೂವರೆ ವರ್ಷ ಹಾಕಿದ ಮೇಲೆ ಕಳೆದ ತಿಂಗಳು 1100ರ ಆಸುಪಾಸಿಗೆ ಬಂತು.

ಮೊದಲು ಕಬ್ಬಿಣ ಇಳಿಸುವ ಡೆಫೆರಾಸಿರಾಕ್ಸ್ ಮಾತ್ರೆಯಲ್ಲೇ ಇದ್ದೆವು. ಖಾಲಿ ಹೊಟ್ಟೆಗೆ ಕರಗಿಸಿ ಕೊಟ್ಟರೆ ವಾಂತಿ. ಆಮೇಲೆ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಏರಿತು, ಡಾಕ್ಟರ್ ನಿಲ್ಲಿಸಿದರು. ಒಂದೊಂದು ಬಾಟಲಿ ರಕ್ತದಲ್ಲೂ 200 ಮಿಲಿಗ್ರಾಂ ಮೇಲೆ ಕಬ್ಬಿಣ ಒಳಗೆ ಹೋಗುತ್ತಿತ್ತು. ಬೆಂಗಳೂರಿನಲ್ಲಿ ಹೃದಯದ ಎಂಆರ್‌ಐ ಮಾಡಿಸಿದೆವು. ಹೃದಯದಲ್ಲಿ ಕಬ್ಬಿಣ ಹೆಚ್ಚಿದಷ್ಟೂ ಇಳಿಯುವ ಟಿ-ಟು-ಸ್ಟಾರ್ ಎಂಬ ಅಳತೆ 20ರ ಮೇಲಿರಬೇಕು, ಇವಳದು 13. ಆ ರಾತ್ರಿ ಬಸ್ಸಿನಲ್ಲಿ ನಾನೂ ಹೆಂಡತಿಯೂ ಮಾತಾಡಲಿಲ್ಲ.

ಒಂದು ಹಳೇ ಪಂಪ್ 18 ಸಾವಿರಕ್ಕೆ ಸಿಕ್ಕಿತು. ಆ ವರ್ಷದ ಕಾಳುಮೆಣಸಿನ ದುಡ್ಡು ಅಲ್ಲಿಗೆ ಮುಗಿಯಿತು. ಔಷಧಿ, ಸೂಜಿ, ಸಿರಿಂಜ್ ಸೇರಿ ತಿಂಗಳಿಗೆ ಏಳೆಂಟು ಸಾವಿರ. ವಾರಕ್ಕೆ ಐದು ರಾತ್ರಿ, ಒಂಬತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ತೆಗೆಯುವುದು. ಬ್ಯಾಟರಿ ಪಂಪ್ ಆದ್ದರಿಂದ ನಮ್ಮ ಮಳೆಗಾಲದ ಕರೆಂಟ್ ಕಾಟ ತಟ್ಟಲಿಲ್ಲ.

ಮೊದಲ ತಿಂಗಳು ಪೂರ್ತಿ ನನ್ನದೇ ತಪ್ಪು. 500 ಮಿಲಿಗ್ರಾಂ ಔಷಧಿ ಪುಡಿ ಇರುವ ವಯಲ್‌ಗೆ 5 ಎಂಎಲ್ ಇಂಜೆಕ್ಷನ್ ನೀರು ಹಾಕಬೇಕು. ಚಿಕ್ಕ ಸಿರಿಂಜ್ ಸಾಕಾಗಲಿ ಅಂತ ನಾನು ಮೂರೇ ಹಾಕಿದೆ. ಹೊಟ್ಟೆ ಮೇಲೆ ಅಡಿಕೆ ಗಾತ್ರದ ಗಂಟುಗಳು. ಮಗು ಅತ್ತಿತು. ಸೂಜಿಯನ್ನೂ ಆಳಕ್ಕೆ ಹೋಗದ ಹಾಗೆ ಚರ್ಮದ ಮೇಲ್ಪದರಕ್ಕಷ್ಟೇ ಚುಚ್ಚುತ್ತಿದ್ದೆ. ನೀರು ಸರಿ ಮಾಡಿ, ದಿನಾ ಜಾಗ ಬದಲಿಸಿದ ಮೇಲೆ ಗಂಟು ಕರಗಿದವು. ಮೂತ್ರ ಕೆಂಪಾದಾಗ ಹೆದರಿದ್ದೆವು. ಅದು ಕಬ್ಬಿಣ ಹೊರಗೆ ಹೋಗುತ್ತಿರುವ ಬಣ್ಣ. ಆಮೇಲೆ ಅದನ್ನು ನೋಡಿದರೇ ಖುಷಿ! ನಿದ್ದೆಯಲ್ಲಿ ಹೊರಳಿದರೂ ಸೂಜಿ ಕೀಳದ ಹಾಗೆ ಟೇಪ್ ಹಾಕುವ ಒಂದು ರೀತಿಯನ್ನು ನನ್ನ ಹೆಂಡತಿ ಕಂಡುಕೊಂಡಿದ್ದಾಳೆ. ಅದನ್ನು ಬರೆಯುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತಾಳೆ.

ಆರು ತಿಂಗಳಾದರೂ ಫೆರಿಟಿನ್ 4700. ನೆಂಟರು "ಹೇಳಿರಲಿಲ್ವಾ" ಅಂದರು. ನಾನು ಬಿಡಲಿಲ್ಲ. ಒಂದು ವರ್ಷಕ್ಕೆ 3400 ಆಯಿತು, ಆಮೇಲೆ ಬೇಗ ಇಳಿಯಿತು.

ನಡುವೆ ಊಟದ ಜೊತೆ ಹಾಲಿಲ್ಲದ ಟೀ ಕೊಟ್ಟು ನೋಡಿದೆ, ಕಬ್ಬಿಣ ಹೀರುವುದು ಕಮ್ಮಿಯಾಗುತ್ತದೆ ಅಂತ. ಕಾಫಿ ಸೀಮೆಯಲ್ಲಿ ಟೀ! ಈಗಲೂ ಕೊಡುತ್ತೇವೆ, ಆದರೆ ರಕ್ತದಿಂದ ಬರುವ ಕಬ್ಬಿಣಕ್ಕೆ ಅದೇನೂ ಮಾಡುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜ್ವರ, ಹೊಟ್ಟೆನೋವು, ಭೇದಿ ಬಂದರೆ ಪಂಪ್ ನಿಲ್ಲಿಸಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಈ ಔಷಧಿ ಇರುವಾಗ ಕೆಲವು ಸೋಂಕು ಜಾಸ್ತಿ ಜೋರಾಗುತ್ತದೆ. ನಾವು ಒಮ್ಮೆ ಎರಡು ದಿನ ತಡ ಮಾಡಿ ಒಂದು ವಾರ ಅಡ್ಮಿಟ್ ಮಾಡಬೇಕಾಯಿತು, 22 ಸಾವಿರ ಹೋಯಿತು.

ಟಿ-ಟು-ಸ್ಟಾರ್ ಈಗ 18. ಮಗಳು ಸೂಜಿ ತಾನೇ ಚುಚ್ಚಿಕೊಳ್ಳುತ್ತಾಳೆ. ಫೆರಿಟಿನ್ ಇಳಿದಿರುವುದರಿಂದ ಡೋಸ್ ಇಳಿಸಬೇಕಂತೆ, ಇಲ್ಲದಿದ್ದರೆ ಕಿವಿಗೆ ಪೆಟ್ಟು. ಬರುವ ವಾರ ಹಾಸನದಲ್ಲಿ ಕಿವಿ, ಕಣ್ಣು ಪರೀಕ್ಷೆ ಮಾಡಿಸುತ್ತಿದ್ದೇವೆ.