ಕ್ರಾಸ್ ಕಂಪೈಲರ್ ಬಿಲ್ಡ್ ಅರ್ಧಕ್ಕೇ ನಿಂತಿತೇ? ಮೊದಲ ಎರರ್ ಹುಡುಕಿ

ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಬೋರ್‌ವೆಲ್ ಮೋಟಾರ್ ಆನ್-ಆಫ್ ಮಾಡುವ ಬೋರ್ಡ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಬೋರ್ಡಿನಲ್ಲಿರುವುದು ಆರ್ಮ್ ಕಾರ್ಟೆಕ್ಸ್-ಎಂ3 ಚಿಪ್, ಲ್ಯಾಪ್‌ಟಾಪಿನಲ್ಲಿರುವುದು ಇಂಟೆಲ್. ಇಲ್ಲಿ ಕೂತು ಅಲ್ಲಿ ಓಡುವ ಕೋಡ್ ತಯಾರಿಸುವುದೇ ಕ್ರಾಸ್ ಕಂಪೈಲರ್.

ಪ್ರಾಜೆಕ್ಟ್ ಮುಗಿದರೆ ಸಾಕು ಅನ್ನುವವರಿಗೆ ಉಬುಂಟುವಿನಲ್ಲೇ ಸಿದ್ಧ ಪ್ಯಾಕೇಜ್ ಇದೆ, ಅದನ್ನೇ ಹಾಕಿಕೊಳ್ಳಿ. ಆದರೆ ಬೇರೆ ವರ್ಷನ್ ಬೇಕಾದಾಗ, ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದಾಗ ಜಿಸಿಸಿ ಎಂಬ ಕಂಪೈಲರನ್ನು ಸೋರ್ಸ್ ಕೋಡಿನಿಂದ ನಾವೇ ಬಿಲ್ಡ್ ಮಾಡಬೇಕು. ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಮ್ಮೆಯಾದರೂ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಕ್ರಮ ಹೀಗಿದೆ. ಮೊದಲು ಬಿನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್. ಆಮೇಲೆ ಬರೀ ಸಿ ಭಾಷೆಗೆ, ಹೆಡರ್ ಫೈಲ್‌ಗಳಿಲ್ಲದ ಮೊದಲ ಹಂತದ ಜಿಸಿಸಿ. ಅದರಿಂದ ನ್ಯೂಲಿಬ್, ಅಂದರೆ ಇಂಥ ಪುಟ್ಟ ಬೋರ್ಡುಗಳಿಗೆ ಬೇಕಾದ ಸಿ ಲೈಬ್ರರಿ. ಕೊನೆಗೆ ಪೂರ್ತಿ ಜಿಸಿಸಿ. ನಾಲ್ಕಕ್ಕೂ ಟಾರ್ಗೆಟ್ (ಕೋಡ್ ಓಡಬೇಕಾದ ಚಿಪ್ಪಿನ ಬಗೆ) ಹೆಸರು ಮತ್ತು ಪ್ರಿಫಿಕ್ಸ್ (ಇನ್ಸ್ಟಾಲ್ ಆಗುವ ಫೋಲ್ಡರ್) ಒಂದೇ ಇರಲಿ. ಸೋರ್ಸ್ ಫೋಲ್ಡರ್ ಒಳಗೆ ಬಿಲ್ಡ್ ಮಾಡಬೇಡಿ, ಪ್ರತಿಯೊಂದಕ್ಕೂ ಬೇರೆ ಖಾಲಿ ಫೋಲ್ಡರ್ ಮಾಡಿಕೊಳ್ಳಿ.

ಈಗ ಬಿಲ್ಡ್ ನಿಂತಿದೆ. ತೆರೆಯ ಮೇಲೆ ಕೊನೆಗೆ ಕಾಣುವುದು ‘ಎರರ್ 2’. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಬಿಲ್ಡ್ ನಡೆಸುವ ‘ಮೇಕ್’ ಕಮಾಂಡ್ ಒಟ್ಟಿಗೆ ಎಂಟು ಕೆಲಸ ಓಡಿಸುತ್ತಿದ್ದರೆ, ಒಂದು ಕೆಟ್ಟ ಮೇಲೂ ಉಳಿದವು ಸ್ವಲ್ಪ ಹೊತ್ತು ಬರೆಯುತ್ತಲೇ ಇರುತ್ತವೆ. ನಿಜವಾದ ತಪ್ಪು ಎಷ್ಟೋ ಮೇಲೆ ಹೋಗಿರುತ್ತದೆ. ಹಾಗಾಗಿ ಶುರುವಿನಿಂದಲೇ ‘ಟೀ’ ಕಮಾಂಡ್ ಬಳಸಿ ಎಲ್ಲವನ್ನೂ ಒಂದು ಲಾಗ್ ಫೈಲಿಗೆ ಬರೆಸಿ. ಅದರಲ್ಲಿ ಮೊದಲ ಎರರ್ ಯಾವುದು ಅಂತ ಹುಡುಕಿ. ಗೊತ್ತಾಗದಿದ್ದರೆ ಮೇಕ್ ಅನ್ನು ಒಂದೇ ಕೆಲಸಕ್ಕೆ ಇಳಿಸಿ ಮತ್ತೆ ಓಡಿಸಿ. ಆಗ ತಪ್ಪಾದ ಜಾಗದಲ್ಲೇ ನಿಲ್ಲುತ್ತದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿ ಹತ್ತಿರ. ‘ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್’ ಅಂತ ಬರುತ್ತದೆ. ಸಫಿಕ್ಸ್‌ಗೂ ನಿಮ್ಮ ತೊಂದರೆಗೂ ಸಂಬಂಧವೇ ಇಲ್ಲ. ಆಗಷ್ಟೇ ಹುಟ್ಟಿದ ಕಂಪೈಲರಿನಿಂದ ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿಸಿ ನೋಡಲಾಗಿದೆ, ಅದು ಆಗಿಲ್ಲ, ಅಷ್ಟೇ. ಯಾಕೆ ಆಗಿಲ್ಲ ಅನ್ನುವುದು ಕಾನ್ಫಿಗರ್ ಹಂತ ಬರೆದಿಡುವ ಕಾನ್ಫಿಗ್ ಲಾಗ್‌ನಲ್ಲಿದೆ. ಬಿಲ್ಡ್ ಫೋಲ್ಡರಿನ ಮೇಲ್ಮಟ್ಟದಲ್ಲೂ ಅದೇ ಹೆಸರಿನ ಫೈಲ್ ಇರುತ್ತದೆ, ಅದನ್ನು ತೆರೆದು ಮೋಸಹೋಗಬೇಡಿ. ಟಾರ್ಗೆಟ್ ಹೆಸರಿನ ಫೋಲ್ಡರ್, ಅದರೊಳಗೆ ಲಿಬ್‌ಜಿಸಿಸಿ, ಅದರೊಳಗಿನ ಕಾನ್ಫಿಗ್ ಲಾಗ್ ನಮಗೆ ಬೇಕಾದದ್ದು.

ಅಲ್ಲಿ ಅಸೆಂಬ್ಲರ್ ‘ಅನ್‌ರೆಕಗ್ನೈಸ್ಡ್ ಆಪ್ಶನ್’ ಅಂದಿದ್ದರೆ, ಆರ್ಮ್ ಅಸೆಂಬ್ಲರ್ ಬದಲು ಲ್ಯಾಪ್‌ಟಾಪಿನ ಅಸೆಂಬ್ಲರ್ ಓಡಿದೆ ಅಂತ ಅರ್ಥ. ಬಿನ್‌ಯುಟಿಲ್ಸ್ ಹಾಕಿದ ಬಿನ್ ಫೋಲ್ಡರನ್ನು, ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿಯಾದ ಪಾತ್‌ನಲ್ಲಿ ಮೊದಲಿಗೆ ಸೇರಿಸಿ. ಎಂಪಿಎಫ್‌ಆರ್ ಅಥವಾ ಎಂಪಿಸಿ (ಜಿಸಿಸಿಗೆ ಬೇಕಾದ ಗಣಿತದ ಲೈಬ್ರರಿಗಳು) ಸಿಗಲಿಲ್ಲ ಅಂದಿದ್ದರೆ, ಜಿಸಿಸಿ ಸೋರ್ಸ್‌ನ ‘ಕಾಂಟ್ರಿಬ್’ ಫೋಲ್ಡರಿನಲ್ಲಿ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಸ್ಕ್ರಿಪ್ಟ್ ಇದೆ. ಸೋರ್ಸ್ ಫೋಲ್ಡರಿನಲ್ಲಿ ನಿಂತು ಅದನ್ನು ಓಡಿಸಿದರೆ ಅಂಥದ್ದೇ ಇನ್ನೊಂದಾದ ಜಿಎಂಪಿಯೂ ಸೇರಿ ಬೇಕಾದದ್ದೆಲ್ಲ ಬರುತ್ತದೆ. ಇವುಗಳಲ್ಲಿ ಯಾವುದನ್ನೇ ಸರಿಮಾಡಿದರೂ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ಕಾನ್ಫಿಗರ್ ಮಾಡಿ. ಹಳೆಯ ಉತ್ತರಗಳು ಅಲ್ಲಿ ಉಳಿದಿದ್ದರೆ ಸರಿಮಾಡಿದ್ದೂ ವ್ಯರ್ಥ.

‘ಕಿಲ್ಡ್’ ಅಂತ ಬಂದರೆ ಸಾಮಾನ್ಯವಾಗಿ ರ‍್ಯಾಮ್ ಸಾಲದೆ ಲಿನಕ್ಸ್ ಕಂಪೈಲರನ್ನು ಹೊರಗೆ ಹಾಕಿದೆ. 4 ಜಿಬಿ ಇದ್ದರೆ ಒಟ್ಟಿಗೆ ಎರಡೇ ಕೆಲಸ ಕೊಡಿ.

ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆದರೆ ಬೇರೆಯದೇ ತೊಂದರೆ. ಅರ್ಧ ಬರೆದ ಆಬ್ಜೆಕ್ಟ್ ಫೈಲ್ ಉಳಿದುಬಿಡುತ್ತದೆ. ಮೇಕ್ ಅದನ್ನು ಮುಗಿದ ಕೆಲಸ ಅಂತಲೇ ನಂಬಿ ಮುಂದೆ ಹೋಗುತ್ತದೆ. ಆಮೇಲೆ ಲಿಂಕರ್ ‘ಫೈಲ್ ಟ್ರಂಕೇಟೆಡ್’ ಅನ್ನುತ್ತದೆ. ಆ ಫೈಲ್ ಅಳಿಸಿ ಮೇಕ್ ಮುಂದುವರಿಸಿ. ಮತ್ತೆ ಅಂಥದ್ದೇ ಬಂದರೆ ಮೊದಲಿನಿಂದ ಶುರುಮಾಡುವುದು ಒಳ್ಳೆಯದು.

ನ್ಯೂಲಿಬ್ ಹಂತದಲ್ಲಿ ‘ಇಂಪ್ಲಿಸಿಟ್ ಡಿಕ್ಲರೇಶನ್’ (ಮೊದಲೇ ಘೋಷಿಸದ ಫಂಕ್ಷನ್ ಬಳಕೆ) ಎರರ್‌ಗಳು ಸಾಲಾಗಿ ಬಂದವೇ? 2024ರಲ್ಲಿ ಬಂದ ಜಿಸಿಸಿ 14ರಿಂದ, ಮೊದಲು ಬರೀ ವಾರ್ನಿಂಗ್ ಆಗಿದ್ದದ್ದು ಎರರ್ ಆಗಿದೆ. ಹಳೆಯ ನ್ಯೂಲಿಬ್ ಬಿಟ್ಟು ಹೊಸದನ್ನು ತೆಗೆದುಕೊಳ್ಳಿ.

ಎಲ್ಲ ಮುಗಿದ ಮೇಲೆ ಒಂದು ಸಣ್ಣ ಸಿ ಫೈಲನ್ನು ಲಿಂಕ್ ಮಾಡದೆ ಕಂಪೈಲ್ ಮಾಡಿ, ‘ರೀಡ್‌ಎಲ್ಫ್’ನಿಂದ ಹೆಡರ್ ನೋಡಿ. ಮಷೀನ್ ಎದುರು ಆರ್ಮ್ ಅಂತ ಇರಬೇಕು. ಪೂರ್ತಿ ಲಿಂಕ್ ಮಾಡುವಾಗ ‘ಎಕ್ಸಿಟ್’ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಕಂಪೈಲರ್ ಸರಿಯಾಗಿಯೇ ಇದೆ. ಬೋರ್ಡಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ, ಅಲ್ವಾ? ಅದು ಕೊಡಬೇಕಾದ ಇಂಥ ಫಂಕ್ಷನ್ಗಳ ಜಾಗಕ್ಕೆ ಹೆಸರಿಗಷ್ಟೇ ಇರುವ ಫಂಕ್ಷನ್ ಸೇರಿಸುವ ‘ನೋಸಿಸ್’ ಸ್ಪೆಕ್ಸ್ ಫೈಲ್ ಕೊಟ್ಟು ಲಿಂಕ್ ಮಾಡಿ.