ಸೆಳೆತ ನಿಂತ ಮೇಲಿನ ತಿಂಗಳುಗಳು

ಜಿಲ್ಲಾ ಆಸ್ಪತ್ರೆಯೊಂದರ ನವಜಾತ ಶಿಶು ಘಟಕಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಮಗುವಿನ ಸೆಳೆತ (ಫಿಟ್ಸ್) ನಿಂತರೆ ನನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದೆ. ಹುಟ್ಟಿದ ಮೂರನೆಯ ದಿನ ನಮ್ಮಲ್ಲಿಗೆ ಬಂದ ಒಂದು ಗಂಡುಮಗು ಆ ತಿಳಿವಳಿಕೆಯನ್ನು ತಿದ್ದಿತು. ಚೊಚ್ಚಲ ಬಾಣಂತಿಗೆ ಹಾಲು ಸರಿಯಾಗಿ ಇಳಿದಿರಲಿಲ್ಲ. ಮಗು ಅಳದೆ ಮಲಗಿರುವುದನ್ನು ಕಂಡು ಮನೆಯವರು ಅದು ಹೊಟ್ಟೆ ತುಂಬಿದ ನಿದ್ದೆಯೆಂದುಕೊಂಡಿದ್ದರು. ನಾನು ನೋಡಿದಾಗ ಕಣ್ಣುಗಳು ಒಂದೇ ಕಡೆಗೆ ನೆಟ್ಟಿದ್ದವು, ಬಾಯಿ ಚೀಪುವಂತೆ ಆಡುತ್ತಿತ್ತು, ಕಾಲುಗಳು ಸೈಕಲ್ ತುಳಿಯುವಂತೆ ಚಲಿಸುತ್ತಿದ್ದವು. ಎಳೆಗೂಸಿನ ಸೆಳೆತ ಅನೇಕ ವೇಳೆ ಇಷ್ಟು ಸೂಕ್ಷ್ಮವಾಗಿಯೇ ಇರುತ್ತದೆ. ಬರಿಯ ನಡುಕವಾದರೆ ಕೈಕಾಲನ್ನು ಮೆಲ್ಲಗೆ ಹಿಡಿದಾಗ ನಿಲ್ಲುತ್ತದೆ, ಸೆಳೆತ ನಿಲ್ಲುವುದಿಲ್ಲ.

ರಕ್ತದ ಸಕ್ಕರೆ ಡೆಸಿಲೀಟರಿಗೆ 18 ಮಿಲಿಗ್ರಾಂಗೆ ಇಳಿದಿತ್ತು. ಸಕ್ಕರೆ ದ್ರಾವಣವಾದ ಶೇ. 10ರ ಡೆಕ್ಸ್‌ಟ್ರೋಸನ್ನು ತೂಕದ ಪ್ರತಿ ಕಿಲೋಗೆ 2 ಮಿಲಿಲೀಟರಿನಂತೆ ಕೊಟ್ಟು ಡ್ರಿಪ್ ಹಾಕಿದೆ. ಆಮೇಲೂ ಸೆಳೆತ ಉಳಿದಿದ್ದರಿಂದ ಕಿಲೋಗೆ 20 ಮಿಲಿಗ್ರಾಂ ಫಿನೋಬಾರ್ಬಿಟೋನ್ ಎಂಬ ಸೆಳೆತ ತಡೆಯುವ ಔಷಧಿಯನ್ನು ನಿಧಾನವಾಗಿ ನೀಡಿದೆ. ಮರುದಿನ ಮಗು ಶಾಂತವಾಯಿತು, ವಾರದಲ್ಲಿ ಅದೇ ಔಷಧಿಯ ಸಿರಪ್ ಬರೆದುಕೊಟ್ಟು ಮನೆಗೆ ಕಳುಹಿಸಿದೆ. ಮುಂದೆ ಏನನ್ನು ಗಮನಿಸಬೇಕೆಂದು ತಾಯಿಗೆ ಒಂದು ಮಾತೂ ಹೇಳಲಿಲ್ಲ. ಅದು ನನ್ನದೇ ತಪ್ಪು.

ಏಳನೆಯ ತಿಂಗಳಲ್ಲಿ ಆಕೆ ಮರಳಿ ಬಂದರು. "ಡಾಕ್ಟ್ರೇ, ನಿದ್ದೆಯಿಂದ ಎದ್ದ ಕೂಡಲೇ ಬೆಚ್ಚಿಬೀಳ್ತಾನೆ, ಒಂದರ ಹಿಂದೆ ಒಂದು. ಹೊಟ್ಟೆನೋವು ಅಂತ ಎರಡು ತಿಂಗಳಿಂದ ಔಷಧಿ ಹಾಕ್ತಾ ಇದ್ವಿ" ಎಂದರು. ಅದು ಶಿಶುಗಳಿಗೆ ಗೊಂಚಲು ಗೊಂಚಲಾಗಿ ಬರುವ ಸ್ಪಾಸಮ್ಸ್ ಎಂಬ ಬಗೆಯ ಸೆಳೆತ. ಸಕ್ಕರೆ ತೀರಾ ಇಳಿದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಮೆದುಳಿನ ಹಿಂಭಾಗ, ದೃಷ್ಟಿಯನ್ನು ಗ್ರಹಿಸುವ ಭಾಗ. ಎಂಆರ್‌ಐನಲ್ಲಿ ಅಲ್ಲಿಯೇ ಕಲೆಯಿತ್ತು. ಎಸಿಟಿಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದಿನಿಂದ ಸ್ಪಾಸಮ್ಸ್ ನಿಂತವು, ಆದರೆ ಕಳೆದುಹೋದ ಆ ಎರಡು ತಿಂಗಳನ್ನು ಮರಳಿ ಕೊಡಲು ನನ್ನಿಂದಾಗಲಿಲ್ಲ. ಮೂರು ವರ್ಷಕ್ಕೆ ಅವನು ನಡೆಯುತ್ತಿದ್ದ, ಆದರೆ ಮುಖಗಳನ್ನು ದನಿಯಿಂದಲೇ ಗುರುತಿಸುತ್ತಿದ್ದ.

ಅಲ್ಲಿಂದೀಚೆಗೆ ನನ್ನ ಕ್ರಮ ಬದಲಾಗಿದೆ. ತಾತ್ಕಾಲಿಕ ಕಾರಣದಿಂದ ಬಂದ ಸೆಳೆತ ನಿಂತಿದ್ದರೆ, ಮನೆಗೆ ಕಳುಹಿಸುವ ಮೊದಲೇ ಔಷಧಿ ನಿಲ್ಲಿಸುತ್ತೇನೆ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟದ 2023ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ತಿಂಗಳುಗಟ್ಟಲೆ ಸಿರಪ್ ಕುಡಿಸಿದರೆ ಮುಂದಿನ ಅಪಸ್ಮಾರ ತಪ್ಪುತ್ತದೆಂಬ ನನ್ನ ಹಳೆಯ ನಂಬಿಕೆಗೆ ಆಧಾರವಿರಲಿಲ್ಲ. ಮಗುವಿನ ಮುಂದಿನ ಬದುಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಸೆಳೆತದ ಕಾರಣ. ಮೊದಲ ವಾರ ಕಳೆದ ಮೇಲೆ ಕ್ಯಾಲ್ಸಿಯಂ ಕೊರತೆಯೊಂದರಿಂದಲೇ ಸೆಳೆತ ಬಂದ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿ ಬೆಳೆಯುತ್ತಾರೆ. ಹೆರಿಗೆಯ ವೇಳೆ ಆಮ್ಲಜನಕದ ತೀವ್ರ ಕೊರತೆಗೆ ಸಿಕ್ಕವರಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ಪೆಟ್ಟಿನಿಂದ ಕೈಕಾಲುಗಳ ಚಲನೆಗೆ ಬರುವ ತೊಂದರೆ), ಅಪಸ್ಮಾರ, ಕಲಿಕೆಯ ತೊಡಕುಗಳ ಭಯ ಹೆಚ್ಚು. ಇದನ್ನು ತಂದೆತಾಯಿಯರಿಬ್ಬರನ್ನೂ ಕೂರಿಸಿಕೊಂಡು, ಭರವಸೆಯನ್ನೂ ಅನುಮಾನವನ್ನೂ ಮುಚ್ಚಿಡದೆ ಹೇಳುತ್ತೇನೆ.

ಬೆಚ್ಚಿಬೀಳುವುದು ಸಾಲುಸಾಲಾಗಿ ಬಂದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಅಂದೇ ತೋರಿಸಬೇಕೆಂದು ತಾಯಿಯಿಂದ ಮರಳಿ ಹೇಳಿಸುತ್ತೇನೆ. ಮೂರನೆಯ ತಿಂಗಳೊಳಗೆ ಶ್ರವಣ ಪರೀಕ್ಷೆ, ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ ಮತ್ತು ಕಣ್ಣಿನ ನೋಟ. ಬೆಳವಣಿಗೆ ಹಿಂದೆಬಿದ್ದಂತೆ ಕಂಡರೆ ಕಾಯದೆ, ಅಂಥ ಮಕ್ಕಳಿಗೆ ಚಿಕಿತ್ಸೆ ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತೇನೆ. ಹೇಳಿದ ದಿನ ಬಾರದವರಿಗೆ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ, ಫೋನ್ ಸಿಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ.